ಪೇರಲ ಹಾಕಿದ ಖಂಡದ ಸಾರು

ಹಂದಿ ಮಾಂಸಕ್ಕೆ ಯಾರಾದರೂ ಪೇರಲ ಹಣ್ಣು ಹಾಕುತ್ತಾರೆಯೇ ಎಂದು ಕೇಳುವವರಿಗೆ ನನ್ನದು ಒಂದೇ ಉತ್ತರ. ನಾವು ಹಾಕುತ್ತೇವೆ. ಮೊದಲು ತಿನ್ನಿ, ಆಮೇಲೆ ಬೇಕಾದರೆ ಮೂಗು ಮುರಿಯಿರಿ. ಇಷ್ಟು ಖಡಕ್ಕಾಗಿ ಮಾತಾಡುವ ಹಕ್ಕು ನನಗೆ ಸುಮ್ಮನೆ ಬಂದದ್ದಲ್ಲ. ದಸರೆ ಮುಗಿದು ದೀಪಾವಳಿ ಇನ್ನೂ ದೂರವಿದ್ದ ಒಂದು ಶನಿವಾರ, ಮಿಯಾಪುರದ ಆರನೇ ಮಹಡಿಯ ಬಾಡಿಗೆ ಫ್ಲ್ಯಾಟಿನಲ್ಲಿ, ಹೊರಟು ನಿಂತಿದ್ದ ಅವ್ವನ ಎದುರಿಗೆ ನಾನು ಈ ಸಾರು ಮಾಡಿದ್ದೇನೆ.

ಅವತ್ತು ಮಧ್ಯಾಹ್ನ ನಾನು ನಾಚಾರಂನಲ್ಲಿ ಕೆಲಸದ ಮೇಲಿದ್ದೆ. ಔಷಧಿ ಬಾಟಲಿಗಳಿಗೆ ಮುಚ್ಚಳ ಮಾಡುವ ಸಣ್ಣ ಕಾರ್ಖಾನೆ. ಅಲ್ಲಿ ನಾನು ಸೂಪರ್‌ವೈಸರ್. ಮಷೀನುಗಳ ಗದ್ದಲದ ನಡುವೆ ತಮ್ಮನ ಫೋನ್ ಬಂತು. ಅವನು ಗೌಂಡಿ. ನಗರದ ಇನ್ನೊಂದು ಅಂಚಿನಲ್ಲಿ ಏಳುತ್ತಿರುವ ಕಟ್ಟಡವೊಂದರಲ್ಲಿ ಕೆಲಸ, ಅದರ ಬುಡದಲ್ಲೇ ತಗಡಿನ ಶೆಡ್ಡಿನಲ್ಲಿ ವಾಸ.

"ಅಕ್ಕಾ, ಅವ್ವ ಬಂದು ಕರಕೊಂಡ ಹೋಗು ಅಂದಾಳ. ಸಂಜಿಕ ಏಳಕ್ಕ ಆಟೋ ತಗೊಂಡ ಬರ್ತೀನಿ. ನಿನಗ ಹೇಳ್ಯಾಳೋ ಇಲ್ಲೋ?"

ಹೇಳಿರಲಿಲ್ಲ. ಬೆಳಿಗ್ಗೆ ನನ್ನ ಊಟದ ಡಬ್ಬಿ ಕಟ್ಟಿಕೊಟ್ಟು, ಬಾಗಿಲ ತನಕ ಬಂದು, "ಹುಷಾರಾಗಿ ಹೋಗವಾ" ಎಂದು ತಲೆ ನೇವರಿಸಿದ್ದಳು. ಎಂಥ ಗಟ್ಟಿ ಹೆಂಗಸು ನೋಡಿ. ನನಗೆ ಸಿಟ್ಟು ನೆತ್ತಿಗೇರಿತು. ಅರ್ಧ ದಿನದ ರಜೆ ಹಾಕಿ ಹೊರಬಿದ್ದೆ.

ಅವ್ವ ನನ್ನ ಹತ್ತಿರ ಬಂದು ಎರಡು ತಿಂಗಳಾಗಿತ್ತಷ್ಟೇ. ರಾಯಚೂರ ಕಡೆಯಿಂದ ಅಪ್ಪನ ಜೊತೆ ಈ ನಗರಕ್ಕೆ ಬಂದವಳು, ಅರ್ಧ ಆಯುಷ್ಯ ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತವಳು. ಅಪ್ಪ ಹೋದ ಮೇಲೆಯೂ ಬುಟ್ಟಿ ಬಿಡಲಿಲ್ಲ. ಮೊಣಕಾಲು ಬಾತು, ಸಿಮೆಂಟಿನ ಧೂಳಿಗೆ ಕೆಮ್ಮು ಕಚ್ಚಿಕೊಂಡ ಮೇಲೆ, ನಾನೇ ಹೋಗಿ ಜಗಳವಾಡಿ ಎಳೆದುಕೊಂಡು ಬಂದಿದ್ದೆ. ನನಗೂ ಮನೆಯಲ್ಲಿ ಯಾರಿದ್ದರು? ಗಂಡ ಎಂಬುವವನೊಬ್ಬ ಇದ್ದ, ಆ ಕಥೆ ಇಲ್ಲಿ ಬೇಡ. ಅವ್ವ ಮತ್ತೆ ಆ ಶೆಡ್ಡಿಗೆ ಹೋದರೆ ಸುಮ್ಮನೆ ಕೂರುವ ಜೀವವಲ್ಲ. ಎರಡನೇ ದಿನಕ್ಕೆ ಸೆರಗು ಸಿಂಬಿ ಸುತ್ತಿ ತಲೆ ಮೇಲೆ ಬುಟ್ಟಿ ಇಡುತ್ತಾಳೆ. ಆ ಕಾಲಿನಲ್ಲಿ ಮೆಟ್ಟಿಲು ಹತ್ತುತ್ತಾಳೆ, ಒಂದು ದಿನ ಬೀಳುತ್ತಾಳೆ. ನನಗಿದ್ದ ಹೆದರಿಕೆ ಇದೊಂದೇ.

ಅವಳು ಯಾಕೆ ಹೊರಟಳೆಂಬುದೂ ನನಗೆ ಗೊತ್ತಿತ್ತು. ಬಂದ ಮೊದಲ ವಾರ ಸಂಭ್ರಮದಿಂದ ಕುರಿ ಖಂಡ ಮಾಡಿದ್ದಳು. ಖಂಡ ಬೇಯಿಸಿದ ಮೇಲೆ ಮನೆಗೆಲ್ಲ ಲೋಬಾನದ ಹೊಗೆ ಹಾಕುವುದು ನಮ್ಮವರ ರೂಢಿ, ಅದನ್ನೂ ಹಾಕಿದಳು. ಮಾರನೇ ದಿನ ಲಿಫ್ಟಿನಲ್ಲಿ ಅವ್ವನಿಗೆ ಎದುರು ಮನೆಯ ಟೀಚರಮ್ಮ ಸಿಕ್ಕರು. ಶಾಲೆಯಿಂದ ನಿವೃತ್ತರಾದವರು, ಕರೀಂನಗರದ ಕಡೆಯವರು, ಇಸ್ತ್ರಿ ಮಾಡಿದ ಸೀರೆ ಬಿಟ್ಟು ಬೇರೆ ಉಟ್ಟಿದ್ದನ್ನು ನಾನು ನೋಡಿಲ್ಲ. ಅವ್ವನ ಪಕ್ಕ ನಿಂತ ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು, ಕೆಳಗೆ ಇಳಿಯುವ ತನಕ ಕೈ ತೆಗೆಯಲಿಲ್ಲವಂತೆ.

ಅಷ್ಟೇ ಸಾಕಾಯಿತು. ಅವತ್ತಿನಿಂದ ಮನೆಯಲ್ಲಿ ಖಂಡವಿಲ್ಲ, ಒಣ ಮೀನಿಲ್ಲ. ಅನ್ನ, ಮಜ್ಜಿಗೆ, ಮೇಲೊಂದು ಉಪ್ಪಿನಕಾಯಿಯ ಹೋಳು. ಸಂಜೆಯಾದರೆ ಲೋಬಾನ ಮಾತ್ರ ದಿನವೂ, ಹಳೆಯ ವಾಸನೆ ಏನಾದರೂ ಉಳಿದಿದ್ದರೆ ಹೋಗಲಿ ಎಂದು. ಕಟ್ಟಡದ ಕೆಲಸದಲ್ಲಿ ಮೊದಲ ಮಹಡಿಯಿಂದ ನಾಲ್ಕನೇ ಮಹಡಿಗೆ ಕೇಳುವಂತೆ ಕೂಗುತ್ತಿದ್ದ ಹೆಂಗಸು ನನ್ನ ಮನೆಯಲ್ಲಿ ಪಿಸುಗುಡುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

"ನಿನಗ ಬೇಕಾದ್ದು ಮಾಡ್ಕೊಂಡ ತಿನ್ನು. ಬಾಡಿಗಿ ಕೊಡಾಕಿ ನಾನು, ಅವರಲ್ಲ" ಎಂದು ಎಷ್ಟು ಸಲ ಬಾಯಿ ಮಾಡಿದ್ದೆನೋ.

"ನಿನ್ನ ಮರ್ಯಾದಿ ಪ್ರಶ್ನೆ ಐತಿ. ನಾನೇನು, ಇವತ್ತಿದ್ದು ನಾಳೆ ಹೋಗಾಕಿ" ಎನ್ನುತ್ತಿದ್ದಳು. ಆ ನಾಳೆ ಇಷ್ಟು ಬೇಗ ಬಂದಿತ್ತು.

ಮೆಟ್ರೋದಲ್ಲಿ ನಿಂತು ಲೆಕ್ಕ ಹಾಕಿದೆ. ಅತ್ತು ಕರೆದರೆ ನಿಲ್ಲುವವಳಲ್ಲ. ಬೈದರೆ ಇನ್ನೂ ಬೇಗ ಗಂಟು ಎತ್ತುತ್ತಾಳೆ. ಉಳಿದದ್ದು ಒಂದೇ ದಾರಿ. ಆ ಮನೆಯ ಒಲೆಯ ಮೇಲೆ ನಮ್ಮ ಊಟ, ಅದರಲ್ಲೂ ಅವಳು ಹೆಸರೆತ್ತಲೂ ಹೆದರುವ ಹಂದಿ ಖಂಡ, ಕಿಟಕಿ ತೆರೆದುಕೊಂಡೇ ಬೇಯಬೇಕು. ಬೆಂದರೂ ಆಕಾಶ ಕಳಚಿ ಬೀಳುವುದಿಲ್ಲ ಎಂಬುದನ್ನು ಅವಳು ಕಣ್ಣಾರೆ ನೋಡಬೇಕು.

ಮಿಯಾಪುರದಲ್ಲಿ ಇಳಿದವಳೇ ದೊಡ್ಡ ರಸ್ತೆ ದಾಟಿ ಹಿಂದಿನ ಕೂಲಿಕಾರರ ಬಸ್ತಿಗೆ ಹೋದೆ. ಅಲ್ಲಿ ಹಂದಿ ಖಂಡದ ಒಂದು ತಗಡಿನ ಅಂಗಡಿ ಉಂಟು. ಸುಟ್ಟು ಕೆರೆದ ತೊಗಲು ಸಮೇತ, ಕೊಬ್ಬು ಮಾಂಸ ಎರಡೂ ಸಮ ಇರುವ ತುಂಡುಗಳನ್ನು ಹೇಳಿ ಹಾಕಿಸಿಕೊಂಡು, ನನ್ನ ಊಟದ ಡಬ್ಬಿಯಲ್ಲೇ ತುಂಬಿಸಿದೆ. ವಾಪಸ್ ಬರುವಾಗ ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಪೇರಲದ ಬಂಡಿ. ಬಂಡಿಯವನು ಘಮಘಮಿಸುವ ಹಣ್ಣುಗಳನ್ನೇ ಆರಿಸಿ ತಕ್ಕಡಿಗೆ ಹಾಕಿದ. ನಾನು ಒಂದೊಂದೇ ತೆಗೆದು ವಾಪಸ್ಸಿಟ್ಟು, ಉಗುರು ಒತ್ತಿದರೆ ಇಳಿಯದಂಥ ದೋರಗಾಯಿಗಳನ್ನು ಆರಿಸಿದೆ. ಅವನು ನನ್ನನ್ನು ಹುಚ್ಚಿಯೆಂದುಕೊಂಡಿರಬೇಕು. ಪೂರ್ತಿ ಹಣ್ಣಾದದ್ದು ಸಾರಿನಲ್ಲಿ ಕರಗಿ ಪಾಯಸ ಆಗುತ್ತದೆ ಎಂದು ಅವನಿಗೆ ಹೇಳುತ್ತ ಕೂರಲು ನನಗೆ ಪುರುಸೊತ್ತಿರಲಿಲ್ಲ.

ಈ ಪೇರಲದ ವಿಚಾರ ನಮ್ಮ ಮನೆಗೆ ಬಂದದ್ದು ಮೆಹದಿಪಟ್ಟಣಂನ ಒಂದು ಕಟ್ಟಡದ ಸೈಟಿನಿಂದ. ನಾನಾಗ ಸಣ್ಣವಳು. ಕಟ್ಟಡದ ಕೆಲಸದಲ್ಲಿ ಸ್ಲ್ಯಾಬ್ ಹಾಕುವ ದಿನವೆಂದರೆ ಹಬ್ಬ. ಒಮ್ಮೆ ಶುರು ಮಾಡಿದ ಕಾಂಕ್ರೀಟು ಮುಗಿಯುವ ತನಕ ಯಾರೂ ಕೆಳಗೆ ಕೂರುವಂತಿಲ್ಲ. ಮುಗಿದ ಮೇಲೆ ಮೇಸ್ತ್ರಿ ಎಲ್ಲರಿಗೂ ಖಂಡದ ಊಟ ಕೊಡಲೇಬೇಕು. ಕೊಡದ ಮೇಸ್ತ್ರಿಯ ಮುಂದಿನ ಸ್ಲ್ಯಾಬಿಗೆ ಆಳು ಸಿಗುವುದಿಲ್ಲ. ಆ ಸಲ ಹಂದಿ ಖಂಡ ಬಂದಿತ್ತು, ಅಡಿಗೆ ಅವ್ವನ ಪಾಲಿಗೆ, ಆದರೆ ಹುಳಿಗೆ ಹುಣಸೆಹಣ್ಣು ಇರಲಿಲ್ಲ. ಕಾಂಪೌಂಡಿನ ಮೂಲೆಯಲ್ಲಿ ಪೇರಲ ಗಿಡವೊಂದು ಕಾಯಿ ಹೊತ್ತು ನಿಂತಿತ್ತು. ಅವ್ವ ಒಂದನ್ನು ಕಚ್ಚಿ, ನಾಲಿಗೆ ಚಪ್ಪರಿಸಿ, ಸೆರಗು ತುಂಬ ಕಿತ್ತುಕೊಂಡು ಬಂದು ಹೆಚ್ಚಿ ಹಾಕಿಬಿಟ್ಟಳು. ಗಂಡಸರು ಮೊದಲು ನಕ್ಕರು, ಆಮೇಲೆ ಪಾತ್ರೆಯ ತಳ ಕೆರೆದರು. ಮೊದಲು ಖಾರ, ಹಿಂದೆ ಹುಳಿ, ನುಂಗುವಾಗ ಎಲ್ಲೋ ಒಂದಿಷ್ಟು ಸಿಹಿ. ಮರಳಿನ ಗುಡ್ಡೆಯ ಮೇಲೆ ಕೂತು ಅದನ್ನು ಉಂಡ ರುಚಿ ನನ್ನ ಬಾಯಲ್ಲಿ ಇನ್ನೂ ಇದೆ. ಅಂದಿನಿಂದ ದಸರೆಯ ಆಚೆ ಈಚೆ ಪೇರಲ ಬಂದಾಗಲೆಲ್ಲ ನಮ್ಮಲ್ಲಿ ಇದೇ ಸಾರು.

ಮನೆಗೆ ಬಂದರೆ ಬಾಗಿಲ ಪಕ್ಕದಲ್ಲಿ ಗಂಟು ತಯಾರು. ಅವ್ವ ಅದರ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ಮುಖ ಸಪ್ಪಗೆ ಮಾಡಿದಳು.

"ತಮ್ಮ ಫೋನ್ ಮಾಡಿದ್ನೇನು?"

"ಮಾಡಿದ್ದ. ಏಳಕ್ಕ ಬರ್ತಾನಂತ. ಅಷ್ಟರಾಗ ಉಂಡ ಹೋಗು, ಖಾಲಿ ಹೊಟ್ಟಿಲೆ ಕಳಸಂಗಿಲ್ಲ ನಾ."

ಅದಕ್ಕೆ ಅವಳು ಬೇಡವೆನ್ನಲಿಲ್ಲ. ನಾನು ಕೈಕಾಲು ತೊಳೆದು ಅಡಿಗೆಮನೆಗೆ ನುಗ್ಗಿದೆ. ಗಡಿಯಾರ ಆರು ತೋರಿಸುತ್ತಿತ್ತು. ಎಣ್ಣೆಯ ಡಬ್ಬಿ ಮುಟ್ಟಲೇ ಇಲ್ಲ. ಕೊಬ್ಬಿನ ತುಂಡುಗಳನ್ನು ಮೊದಲು ಕುಕ್ಕರಿಗೆ ಹಾಕಿ, ಅವು ಚಟಪಟ ಅನ್ನುತ್ತ ಜಿಡ್ಡು ಬಿಟ್ಟ ಮೇಲೆ ಅದರಲ್ಲೇ ಉಳ್ಳಾಗಡ್ಡಿ ಕೆಂಪಗೆ ಹುರಿದೆ. ಹಸಿ ಶುಂಠಿ, ಬೆಳ್ಳುಳ್ಳಿ ಜಜ್ಜಿ ಹಾಕಿದೆ. ಅರಿಸಿನ, ಉಪ್ಪು, ಕೈ ಬಿಗಿಹಿಡಿಯದೆ ಕೆಂಪು ಖಾರ, ಒಂದಿಷ್ಟು ಧನಿಯಾ ಪುಡಿ. ಉಳಿದ ಖಂಡವನ್ನು ಹಾಕಿ, ಮಸಾಲೆ ಹಿಡಿಯುವ ತನಕ ತಿರುವಿ, ನೀರು ಚಿಮುಕಿಸಿ ಮುಚ್ಚಳ ಬಿಗಿದೆ. ಮೊದಲ ಸೀಟಿ ಹೊಡೆಯುತ್ತಲೇ ಅವ್ವ ಅಡಿಗೆಮನೆಯ ಬಾಗಿಲಲ್ಲಿದ್ದಳು. ಅವಳ ಮೂಗಿಗೆ ಸುಳ್ಳು ಹೇಳಲಾಗುವುದಿಲ್ಲ.

"ಏನ್ ಮಾಡಾಕತ್ತಿ?"

"ಹಂದಿ ಖಂಡ ಮಾಡಾಕತ್ತೀನಿ. ಪೇರಲ ಹಾಕಿ."

"ತಲಿ ಕೆಟ್ಟೈತೇನ ನಿನಗ? ಮೆಲ್ಲಕ ಮಾತಾಡು. ಎದರಿನ ಮನಿಯವರು ಕೇಳ್ತಾರ."

"ಕೇಳಲಿ. ನಾ ಏನ್ ಕದ್ದು ತಂದೀನೇನು?"

ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲಿಂದ ಹೋದಳು. ನಾನು ಪೇರಲ ಹೆಚ್ಚಲು ಕೂತೆ. ಸೀಳಿದರೆ ಒಳಗೆ ತೆಳು ಗುಲಾಬಿ. ನಡುವಿನ ಬೀಜ ಚಮಚದಿಂದ ಕೆರೆದು ತೆಗೆದೆ. ಹಿಂದೆ ಅವ್ವ ಬೀಜ ತೆಗೆಯುತ್ತಿರಲಿಲ್ಲ, ಆಗ ಅವಳ ಹಲ್ಲು ಎಲ್ಲ ಇದ್ದವು. ಮುಂದಿನ ಕೋಣೆಯಲ್ಲಿ ಕಿಟಕಿಗಳು ಒಂದೊಂದಾಗಿ ಮುಚ್ಚುವ ಸದ್ದು ಕೇಳಿತು. ಮುಚ್ಚಿಕೊಳ್ಳಲಿ, ಸಾರು ಆದ ಮೇಲೆ ತೆರೆದರಾಯಿತು ಎಂದುಕೊಂಡು ತಲೆ ಬಗ್ಗಿಸಿ ಹೆಚ್ಚುತ್ತ ಹೋದೆ.

ತಲೆ ಎತ್ತಿ ನೋಡಿದರೆ ಅವ್ವ ಕಾಣಿಸಲಿಲ್ಲ, ಹೊಗೆ ಕಾಣಿಸಿತು. ನನ್ನ ಬೆನ್ನ ಹಿಂದೆಯೇ, ಕುಕ್ಕರಿನ ಪಕ್ಕದ ಒಲೆಯಲ್ಲಿ ತೆಂಗಿನ ಕರಟ ಕೆಂಡ ಮಾಡಿ, ತಗಡಿನಲ್ಲಿಟ್ಟು, ಅದರ ಮೇಲೆ ಡಬ್ಬಿಯಲ್ಲಿದ್ದ ಲೋಬಾನವನ್ನೆಲ್ಲ ಸುರಿದಿದ್ದಳು. ದಿನವೂ ಚಿಟಿಕೆ ಹಾಕುವವಳು ಅವತ್ತು ಡಬ್ಬಿಯನ್ನೇ ಬೋರಲು ಹಾಕಿದ್ದಳು. ಮನೆಯೊಳಗಷ್ಟೇ ಆದರೆ ಹೋಗಲಿ ಅನ್ನಬಹುದಿತ್ತು. ವಾಸನೆ ಕಾರಿಡಾರಿಗೆ ಹೋಗಿದೆಯೆಂದು ಮುಂಬಾಗಿಲು ತೆರೆದು, ಹೊರಗೆ ನಿಂತು, ಎದುರು ಮನೆಯ ಬಾಗಿಲಿಗೂ ಲಿಫ್ಟಿಗೂ ಧೂಪ ಬೀಸುತ್ತಿದ್ದಳು. "ಯವ್ವಾ, ಬ್ಯಾಡ" ಎಂದು ನಾನು ಓಡುವಷ್ಟರಲ್ಲಿ ಹೊಗೆ ತಾಗಿದರೆ ಕೂಗುವ ಕಾರಿಡಾರಿನ ಬೆಂಕಿ ಗಂಟೆ ಹೊಡೆದುಕೊಳ್ಳತೊಡಗಿತು.

ಏನು ಸದ್ದು ಅದು, ಕಿವಿ ತೂತು ಬೀಳಬೇಕು. ಕೆಳಗಿನಿಂದ ವಾಚ್‌ಮನ್ ಏದುಸಿರು ಬಿಡುತ್ತ ಬಂದು, ಬೆಂಕಿಯಲ್ಲ ಬರೀ ಧೂಪ ಎಂದು ಗೊತ್ತಾಗಿ, ಗಂಟೆ ನಿಲ್ಲಿಸಿ, ಗೊಣಗುತ್ತ ಹೋದ. ಅಷ್ಟರಲ್ಲಿ ಎದುರು ಬಾಗಿಲು ತೆರೆದಿತ್ತು. ಟೀಚರಮ್ಮ, ಸೆರಗಿನಿಂದ ಮೂಗು ಮುಚ್ಚಿಕೊಂಡು. ಅವ್ವ ಕೈಯಲ್ಲಿ ತಗಡು ಹಿಡಿದು ಅವರೆದುರು ನಿಂತೇ ಇದ್ದಳು.

"ಏಮ್ಮಾ, ಪೂಜಾ?" ಎಂದು ಕೆಮ್ಮುತ್ತ ಕೇಳಿದರು.

ಅವ್ವ ಹೌದೆಂದು ತಲೆಯಾಡಿಸುವವಳಿದ್ದಳು. ನನಗೆ ತಡೆಯಲಾಗಲಿಲ್ಲ.

"ಪೂಜ ಕಾದಂಡಿ. ಪಂದಿ ಕೂರ" ಎಂದುಬಿಟ್ಟೆ. ಪೂಜೆಯಲ್ಲ, ಹಂದಿ ಸಾರು. ಅವ್ವ ಕಣ್ಣು ಮುಚ್ಚಿಕೊಂಡಳು.

ಟೀಚರಮ್ಮ ಸೆರಗಿನ ಮೇಲಿನಿಂದ ನನ್ನನ್ನೂ ಅವ್ವನನ್ನೂ ನೋಡಿದರು. ಆಮೇಲೆ ತೆಲುಗಿನಲ್ಲಿ, ತರಗತಿಯಲ್ಲಿ ಹುಡುಗರನ್ನು ಗದರುವ ದನಿಯಲ್ಲಿ ಶುರು ಮಾಡಿದರು. ಹಂದಿಯಾದರೂ ಬೇಯಿಸಿ, ಕೋಳಿಯಾದರೂ ಬೇಯಿಸಿ, ಅದು ನಿಮ್ಮ ಒಲೆ. ಆದರೆ ಈ ಲೋಬಾನ ಯಾಕೆ? ನನಗೆ ಉಬ್ಬಸವಿದೆ. ಎರಡು ತಿಂಗಳಿಂದ ಸಂಜೆಯಾದರೆ ನಿಮ್ಮ ಮನೆಯ ಹೊಗೆ ನಮ್ಮ ಬಾಗಿಲ ಸಂದಿಯಲ್ಲಿ ಬರುತ್ತದೆ, ನನ್ನ ಎದೆ ಕಟ್ಟುತ್ತದೆ. ದೇವರ ಧೂಪ, ಬೇಡವೆಂದು ಹೇಗೆ ಹೇಳಲಿ ಎಂದು ಸುಮ್ಮನಿದ್ದೆ. ಅವತ್ತು ಲಿಫ್ಟಿನಲ್ಲಿ ನಿಮ್ಮ ಸೀರೆಯ ತುಂಬ ಅದೇ ವಾಸನೆ, ಇಳಿಯುವ ತನಕ ಉಸಿರು ಬಿಗಿಹಿಡಿದಿದ್ದೆ. ಮೊದಲು ಆ ತಗಡಿಗೆ ನೀರು ಹಾಕಿ, ಕಿಟಕಿ ತೆಗೆಯಿರಿ.

ಅವ್ವನಿಗೆ ಸೈಟುಗಳಲ್ಲಿ ಕಲಿತ ತೆಲುಗು ನನಗಿಂತ ಚೆನ್ನಾಗಿ ಬರುತ್ತದೆ. ಒಂದು ಮಾತೂ ಬಿಡದೆ ಕೇಳಿಸಿಕೊಂಡಳು. ತಗಡನ್ನು ಬಚ್ಚಲಿಗೆ ಒಯ್ದು ನೀರು ಸುರಿದಳು. ಬಂದವಳೇ ಸೋಫಾದ ಮೇಲೆ, ಎರಡು ತಿಂಗಳಿಂದ ಕುಂಡಿ ಊರದ ಆ ಸೋಫಾದ ಮೇಲೆ, ದೊಪ್ಪನೆ ಕೂತು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ.

"ಖಂಡದ ವಾಸ್ನಿ ಹೋಗಲಿ ಅಂತ ನಾ ಲೋಬಾನ ಹಾಕೂದು, ಲೋಬಾನಕ್ಕ ಆಕಿ ಮೂಗು ಮುಚ್ಚೂದು, ಆಕಿ ಮೂಗು ಮುಚ್ಚಿದ್ಲಂತ ನಾ ಮತ್ತ ಲೋಬಾನ ಹಾಕೂದು. ಎರಡ ತಿಂಗಳು ಸುಮ್ಮ ಸುಮ್ಮನ ಮಜ್ಜಿಗಿ ಅನ್ನ ಉಂಡೆ ನೋಡ ನಾ."

ನನಗೂ ನಗು ತಡೆಯಲಿಲ್ಲ. ಅವ್ವನ ನಗು ಕೇಳಿ ಎಷ್ಟು ದಿನವಾಗಿತ್ತು! ಎದೆಯ ಮೇಲಿದ್ದ ಕಲ್ಲು ಯಾರೋ ಎತ್ತಿಟ್ಟಂತಾಯಿತು. ಅವ್ವ ಎದ್ದು ಕಿಟಕಿಗಳನ್ನೆಲ್ಲ ಧಡಾರನೆ ತೆರೆದಳು, ಬಾಲ್ಕನಿಯ ಬಾಗಿಲನ್ನೂ ತೆರೆದಳು. ಹೊಗೆ ಹೋಯಿತು. ಹೋದ ಮೇಲೆ ಉಳಿದದ್ದು ಸಾರಿನ ವಾಸನೆ. ಟೀಚರಮ್ಮ ಬಾಗಿಲಲ್ಲೇ ನಿಂತಿದ್ದವರು ಸೆರಗು ಇಳಿಸಿ, ಒಮ್ಮೆ ಉಸಿರೆಳೆದು, ಇದರಲ್ಲಿ ಹಣ್ಣಿನ ವಾಸನೆ ಬರುತ್ತಿದೆಯಲ್ಲ ಎಂದರು.

ಆಗ ನೋಡಬೇಕಿತ್ತು ನಮ್ಮವ್ವನನ್ನು. ಅವರನ್ನು ಕೈಹಿಡಿದು ಒಳಗೆ ಕೂರಿಸಿ, ದೋರಗಾಯಿ ಯಾಕೆ, ಯಾವಾಗ ಹಾಕಬೇಕು, ಮೊದಲೇ ಹಾಕಿದರೆ ಏನಾಗುತ್ತದೆ, ಎಲ್ಲವನ್ನೂ ತೆಲುಗಿನಲ್ಲಿ ಪಾಠ ಮಾಡಿದಳು. ಪಾಠ ಮಾಡುತ್ತಲೇ ನನ್ನ ಕೈಯಿಂದ ಸೌಟು ಕಸಿದುಕೊಂಡಳು. ಕುಕ್ಕರ್ ತೆರೆದಾಗ ಖಂಡ ಬೆರಳಿಗೆ ಒತ್ತಿದರೆ ಇಳಿಯುವಷ್ಟು ಮೆತ್ತಗಾಗಿತ್ತು. ಪೇರಲದ ಹೋಳುಗಳಲ್ಲಿ ಅರ್ಧವನ್ನು ಅವ್ವ ಜಜ್ಜಿ ಹಾಕಿದಳು ರಸ ದಪ್ಪಗಾಗಲಿ ಎಂದು, ಅರ್ಧವನ್ನು ಹಾಗೇ ಬಿಟ್ಟಳು ಬಾಯಿಗೆ ಸಿಗಲಿ ಎಂದು. ಮುಚ್ಚಳವಿಲ್ಲದೆ ಕುದಿಸಿ, ಅಂಗೈ ಮೇಲೆ ಒಂದು ಹನಿ ಹಾಕಿಕೊಂಡು ನೆಕ್ಕಿದಳು.

"ಉಪ್ಪು ಕಡಿಮಿ ಹಾಕೀದಿ. ಇಷ್ಟ ವರ್ಷ ಕಲಸೀನಿ, ಉಪ್ಪು ಹಾಕೂದ ಬರಂಗಿಲ್ಲ ನಿನಗ."

ಬೈದಳು ಎಂದು ನನಗೆ ಎಷ್ಟು ಖುಷಿಯಾಯಿತು ಹೇಳಲಾರೆ. ಟೀಚರಮ್ಮ ಹಂದಿ ತಿನ್ನುವವರಲ್ಲ, ಅದನ್ನು ನೇರವಾಗಿಯೇ ಹೇಳಿದರು. ಆದರೆ ಭಾನುವಾರದ ಕೋಳಿಗೆ ಹಾಕಿ ನೋಡುತ್ತೇನೆಂದು ಉಳಿದಿದ್ದ ಎರಡು ಪೇರಲಗಳನ್ನು ಕೇಳಿ ಇಸಿದುಕೊಂಡು ಹೋದರು.

ಅವ್ವ ಜೋಳದ ಹಿಟ್ಟು ತೆಗೆದು ರೊಟ್ಟಿ ಬಡಿಯಲು ನಿಂತಳು. ಪಟಪಟ ಸದ್ದು ಮನೆ ತುಂಬಿತು. ನಾನು ಮಾತ್ರ ಗಡಿಯಾರ ನೋಡುತ್ತಿದ್ದೆ. ಏಳು ಹೊಡೆಯುವುದರಲ್ಲಿತ್ತು, ಗಂಟು ಬಾಗಿಲ ಪಕ್ಕದಲ್ಲಿ ಹಾಗೇ ಇತ್ತು. ನಿಲ್ಲುತ್ತೀಯಾ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಕೇಳಿ, ಇಲ್ಲ ಎಂದುಬಿಟ್ಟರೆ? ಊರೆಲ್ಲರ ಮೇಲೆ ಬಾಯಿ ಮಾಡುವ ನಾನು ಅವತ್ತು ತಟ್ಟೆಗಳನ್ನು ಮತ್ತೆ ಮತ್ತೆ ಒರೆಸುತ್ತ ನಿಂತೆ.

ಫೋನ್ ಬಂತು. ತಮ್ಮ ಗೇಟಿನ ಹತ್ತಿರವಿದ್ದ. ಒಂದು ದಿನವೂ ಮೇಲೆ ಬಂದವನಲ್ಲ ಅವನು. ಮೈತುಂಬ ಸಿಮೆಂಟು, ಲಿಫ್ಟಿನಲ್ಲಿ ಯಾರಾದರೂ ಏನಾದರೂ ಅಂದಾರು ಎಂಬ ಸಂಕೋಚ. ತಾಯಿಗೆ ತಕ್ಕ ಮಗ.

"ಅಕ್ಕಾ, ಆಟೋ ನಿಂತೈತಿ. ಅವ್ವನ್ನ ಕೆಳಗ ಕಳಸು."

"ಯವ್ವ, ತಮ್ಮ ಬಂದಾನ" ಎಂದೆ.

ಅವ್ವ ಹೆಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿದಳು. ಕೈಯ ಹಿಟ್ಟು ಝಾಡಿಸಿದಳು. ನಾನು ಚಾಚಿದ ಫೋನನ್ನು ಮುಟ್ಟಲಿಲ್ಲ. ಕುಂಟುತ್ತ ನನ್ನನ್ನು ದಾಟಿ ಬಾಲ್ಕನಿಗೆ ಹೋಗಿ, ಕಟಾಂಜನದ ಮೇಲೆ ಎದೆ ಊರಿ ಬಾಗಿದಳು. ಕೆಳಗೆ ವಾಕಿಂಗ್ ಮಾಡುವವರು, ಬೆಂಚಿನ ಮೇಲೆ ಹರಟುವವರು, ಆಡುವ ಮಕ್ಕಳು, ಎದುರಿನ ಬ್ಲಾಕಿನ ಬಾಲ್ಕನಿಗಳಲ್ಲಿ ಚಹಾ ಹಿಡಿದು ನಿಂತವರು. ಅವ್ವ ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ಆ ಇಡೀ ಸೊಸೈಟಿಗೆ ಕೇಳುವಂತೆ ಕೂಗಿದಳು:

"ಏ ಮಗಾ, ಆಟೋದಾಂವನ್ನೂ ಕರಕೊಂಡ ಮ್ಯಾಲೆ ಬಾರೋ. ಹಂದಿ ಖಂಡ ಮಾಡೀವಿ. ಕರಕೊಂಡ ಹೋಗಾಕ ಅಲ್ಲ, ಉಣ್ಣಾಕ ಬಾ."